33 ಹಾಡು, 40 ವರ್ಷದ ಪ್ರೀತಿ: ಬ್ಲೂ ನೈಲ್ ಅಭಿಮಾನ ಯಾಕೆ ಮಾಸಿಲ್ಲ?

ನಾಲ್ಕೇ ಆಲ್ಬಮ್. ಎಲ್ಲ ಸೇರಿ 33 ಹಾಡು. ಇಷ್ಟನ್ನು ಹೊರಗೆ ತರಲು ಇಪ್ಪತ್ತು ವರ್ಷ ತೆಗೆದುಕೊಂಡ ಬ್ಯಾಂಡ್ ಒಂದಿದೆ. ಹೆಸರು ದಿ ಬ್ಲೂ ನೈಲ್, ಊರು ಸ್ಕಾಟ್‌ಲೆಂಡಿನ ಗ್ಲಾಸ್ಗೋ. ಅವರ ಒಂದು ಹಾಡೂ ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾಗುವ ಹಾಡುಗಳ ಟಾಪ್ 40 ಪಟ್ಟಿ ಮುಟ್ಟಲಿಲ್ಲ. 2004ರ ನಂತರ ಆ ಹೆಸರಿನಲ್ಲಿ ಹೊಸ ಆಲ್ಬಮ್ ಬಂದಿಲ್ಲ. ಬ್ಯಾಂಡ್ ಮುಗಿಯಿತು ಎಂದು ಯಾರೂ ಡಂಗುರ ಸಾರಲಿಲ್ಲ. ಸುಮ್ನೆ ನಿಂತುಹೋಯಿತು, ಅಷ್ಟೇ.

ಲೆಕ್ಕದ ಪ್ರಕಾರ ಇಂಥವರನ್ನು ಜನ ಎಂದೋ ಮರೆತಿರಬೇಕು. ಮರೆತಿಲ್ಲ. 1984ರಲ್ಲಿ ಮೊದಲ ರೆಕಾರ್ಡ್ ಕೊಂಡವರಿಗೆ ಈಗ ಮೊಮ್ಮಕ್ಕಳಿರುವ ವಯಸ್ಸು. ಅದೇ ರೆಕಾರ್ಡನ್ನು ಇನ್ನೂ ಹಾಕಿಕೊಂಡು ಕೇಳುವವರಿದ್ದಾರೆ. ವಿಮರ್ಶಕರು ಆಗಲೂ ಹೊಗಳಿದರು, ಈಗಲೂ ಹೊಗಳುತ್ತಾರೆ. ಆದರೆ ವಿಮರ್ಶಕರ ಹೊಗಳಿಕೆಯಿಂದ ಅಭಿಮಾನ ಹುಟ್ಟುವುದಿಲ್ಲ. ಪತ್ರಿಕೆಗಳು ಐದು ಸ್ಟಾರ್ ಕೊಟ್ಟ ಎಷ್ಟೋ ಆಲ್ಬಮ್‌ಗಳ ಮೇಲೆ ಇವತ್ತು ಧೂಳು ಕೂತಿದೆ. ‘ಹಾಡು ಚೆನ್ನಾಗಿದೆ, ಅದಕ್ಕೆ’ ಅಂದರೂ ಸಾಲದು. ಚೆನ್ನಾಗಿರುವ ಹಾಡುಗಳು ಸಾವಿರ ಇವೆ. ಹಾಗಾದರೆ ಇದು ಏನು?

ನನಗೆ ಅನ್ನಿಸುವುದು ಇಷ್ಟು. ಇವರು ಹಾಡಿನ ಒಳಗೂ ಕಡಿಮೆ ಹೇಳಿದರು, ಹೊರಗೂ ಕಡಿಮೆ ಹೇಳಿದರು. ಹಾಗೆ ಬಿಟ್ಟ ಜಾಗವನ್ನು ಕೇಳುವವರು ತಮ್ಮದೇ ಬದುಕಿನಿಂದ ತುಂಬಿಕೊಂಡರು. ಅದು ಹೇಗೆ ಆಯಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ಯಾಂಡಿನಲ್ಲಿ ಇದ್ದವರು ಮೂವರು. ಹಾಡುಗಾರ ಪಾಲ್ ಬ್ಯುಕ್ಯಾನನ್, ಬೇಸ್ ಗಿಟಾರಿನ ರಾಬರ್ಟ್ ಬೆಲ್, ಕೀಬೋರ್ಡಿನ ಪಾಲ್ ಜೋಸೆಫ್ ಮೂರ್. ಮೂವರೂ ಹಳೇ ಗೆಳೆಯರು. 1981ರಲ್ಲಿ ಕೈಯಿಂದಲೇ ಖರ್ಚು ಹಾಕಿ ‘ಐ ಲವ್ ದಿಸ್ ಲೈಫ್’ ಎಂಬ ಮೊದಲ ಹಾಡು ತಂದರು. ಅದನ್ನು ಆರ್‌ಎಸ್‌ಒ ಎಂಬ ದೊಡ್ಡ ಕಂಪನಿ ಎತ್ತಿಕೊಂಡಿತು. ಬೀ ಜೀಸ್ ಎಂಬ ಜನಪ್ರಿಯ ತಂಡದ ಹಾಡುಗಳಿಂದ ಕೋಟಿಗಟ್ಟಲೆ ದುಡಿದ ಕಂಪನಿ ಅದು. ಇವರ ಹಾಡು ಬರುವ ಹೊತ್ತಿಗೆ ಅದರ ಕಥೆಯೇ ಮುಗಿಯುತ್ತಾ ಬಂದಿತ್ತು. ಬೇಗನೇ ಅದು ಪಾಲಿಗ್ರಾಮ್ ಎಂಬ ಇನ್ನೊಂದು ಕಂಪನಿಯ ಹೊಟ್ಟೆ ಸೇರಿತು, ಹಾಡೂ ಅದರ ಜೊತೆ ಮುಳುಗಿತು. ಬ್ಲೂ ನೈಲ್‌ನ ಅದೃಷ್ಟ ಶುರುವಿನಿಂದಲೂ ಹೀಗೇ.

ಇನ್ನು ಲಿನ್ ಕಂಪನಿಯ ಪ್ರಸಂಗ. ಬ್ಲೂ ನೈಲ್ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಇದೊಂದು ಕಥೆ ಗೊತ್ತಿರುತ್ತದೆ. ಲಿನ್ ಅಂದರೆ ಗ್ಲಾಸ್ಗೋದಲ್ಲಿ ಹುಟ್ಟಿದ ಹೈ-ಫೈ ಕಂಪನಿ, ಅಂದರೆ ಸಂಗೀತವನ್ನು ಸ್ಪಷ್ಟವಾಗಿ ಕೇಳಿಸುವ ಉತ್ತಮ ದರ್ಜೆಯ ಉಪಕರಣಗಳನ್ನು ಮಾಡುವವರು. ಸೋಂಡೆಕ್ ಎಲ್‌ಪಿ12 ಎಂಬ ಅವರ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸಿ ನುಡಿಸುವ ಯಂತ್ರ) 1970ರ ದಶಕದಿಂದ ಇವತ್ತಿನವರೆಗೂ ತಯಾರಾಗುತ್ತಿದೆ. ತಮ್ಮ ಟರ್ನ್‌ಟೇಬಲ್ ಎಷ್ಟು ಚೆನ್ನಾಗಿ ನುಡಿಯುತ್ತದೆ ಎಂದು ಗಿರಾಕಿಗಳಿಗೆ ತೋರಿಸಲು ಒಂದು ರೆಕಾರ್ಡ್ ಮಾಡಿಕೊಡಿ ಎಂದು ಈ ಹುಡುಗರನ್ನು ಲಿನ್ ಕೇಳಿತು, ಹಾಗೆ ಹುಟ್ಟಿದ್ದೇ ಮೊದಲ ಆಲ್ಬಮ್ ಅನ್ನುವುದು ಆ ಕಥೆ. ಕೇಳಲು ಚೆನ್ನಾಗಿದೆ. ಆದರೆ ನಡೆದದ್ದು ಅಷ್ಟು ನೇರ ಅಲ್ಲ. ಎಡಿನ್‌ಬರೋ ಹತ್ತಿರದ ಪೆನ್‌ಕೇಟ್ಲಂಡ್ ಎಂಬ ಹಳ್ಳಿಯಲ್ಲಿ, ಹಳೇ ಶಾಲೆಯ ಕಟ್ಟಡದಲ್ಲಿ ಕ್ಯಾಸಲ್‌ಸೌಂಡ್ ಎಂಬ ಸ್ಟುಡಿಯೋ ಇತ್ತು. ಅದನ್ನು ನಡೆಸುತ್ತಿದ್ದ ರೆಕಾರ್ಡಿಂಗ್ ಎಂಜಿನಿಯರ್ ಕ್ಯಾಲಮ್ ಮಾಲ್ಕಮ್ ಇವರ ಹಾಡುಗಳನ್ನು ಧ್ವನಿಮುದ್ರಿಸುತ್ತಿದ್ದರು. ಲಿನ್‌ನವರಿಗೂ ಅವರಿಗೂ ಪರಿಚಯವಿತ್ತು. ಹಾಡಿನ ಟೇಪ್ ಲಿನ್‌ನವರ ಕಿವಿಗೆ ಬಿತ್ತು, ಮೆಚ್ಚಿಕೊಂಡರು. ಕಂಪನಿ ಆಗಷ್ಟೇ ತನ್ನದೇ ರೆಕಾರ್ಡ್ ಲೇಬಲ್, ಅಂದರೆ ಆಲ್ಬಮ್ ಹೊರತರುವ ವಿಭಾಗ, ಕಟ್ಟುತ್ತಿತ್ತು, ಇವರ ಆಲ್ಬಮನ್ನು ಅದರಲ್ಲಿ ತಂದಿತು.

ಅಂತೂ 1984ರಲ್ಲಿ ‘ಎ ವಾಕ್ ಅಕ್ರಾಸ್ ದ ರೂಫ್‌ಟಾಪ್ಸ್’ ಬಂತು. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ 80ನೇ ಸ್ಥಾನಕ್ಕಿಂತ ಮೇಲೆ ಹೋಗಲಿಲ್ಲ. ಆದರೆ ಹೈ-ಫೈ ಪ್ರಿಯರ ಕೈಗೆ ಅದು ಸಿಕ್ಕಿತು. ಇವರು ರೇಡಿಯೋದಲ್ಲಿ ಅರ್ಧ ಹಾಡು ಕೇಳಿ ಮುಂದೆ ಹೋಗುವವರಲ್ಲ. ಸ್ಪೀಕರ್ ಮುಂದೆ ಕುರ್ಚಿ ಹಾಕಿಕೊಂಡು ಕೂತು, ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಕೇಳುವ ಜಾತಿ. ಮೊದಲ ಅಭಿಮಾನಿಗಳಲ್ಲಿ ಇಂಥವರು ಜಾಸ್ತಿ ಇದ್ದದ್ದು ಮುಂದಿನ ಕಥೆಗೆ ಮುಖ್ಯ. ಮನಸ್ಸಿಟ್ಟು ಕೇಳಿದವರಿಗೆ ಮಾತ್ರ ದಕ್ಕುವ ಸಂಗೀತ ಮನಸ್ಸಿಟ್ಟು ಕೇಳುವವರ ಮನೆಗೇ ಹೋಗಿ ತಲುಪಿತ್ತು. (ಒಂದು ಅಡ್ಡ ಮಾತು: ಎಂಬತ್ತರ ದಶಕದ ಪಾಪ್ ಹಾಡುಗಳಲ್ಲೆಲ್ಲ ಕೇಳಿಬರುವ ಲಿನ್‌ಡ್ರಮ್ ಎಂಬ ಯಂತ್ರಕ್ಕೂ ಈ ಲಿನ್‌ಗೂ ಸಂಬಂಧ ಇಲ್ಲ. ಅದು ರೋಜರ್ ಲಿನ್ ಎಂಬ ಅಮೆರಿಕನ್ನರದು.)

ಈಗ ಹಾಡುಗಳ ಒಳಗೆ ಏನಿದೆ ನೋಡೋಣ.

ಬ್ಯಾಂಡಿನಲ್ಲಿ ಕಾಯಂ ಡ್ರಮ್ಮರ್ ಇರಲಿಲ್ಲ. ಹಾಗಾಗಿ ತಾಳವೆಲ್ಲ ಬಹುಪಾಲು ಯಂತ್ರದ್ದು. ಆ ಕಾಲದಲ್ಲಿ ಯಂತ್ರ ಮತ್ತು ಸಿಂಥ್ (ಎಲೆಕ್ಟ್ರಾನಿಕ್ ಆಗಿ ಸ್ವರ ಹುಟ್ಟಿಸುವ ವಾದ್ಯ) ಇಟ್ಟುಕೊಂಡವರು ಸಾಮಾನ್ಯವಾಗಿ ಹಾಡನ್ನು ಕಿಕ್ಕಿರಿದು ತುಂಬುತ್ತಿದ್ದರು. ಸದ್ದು ದೊಡ್ಡದಾಗಬೇಕು, ಕುಣಿಸಬೇಕು. ಬ್ಲೂ ನೈಲ್ ಮಾಡಿದ್ದು ತಿರುಗಾ ಮುರುಗಾ. ಒಂದು ಸ್ವರ ಬಾರಿಸಿ ಅದು ಪೂರ್ತಿ ಆರುವವರೆಗೆ ಕಾಯುತ್ತಾರೆ. ಎರಡು ಸದ್ದುಗಳ ನಡುವೆ ಧಾರಾಳ ಜಾಗ. ‘ಈಸ್ಟರ್ ಪರೇಡ್’ ಹಾಡಿನಲ್ಲಿ ಪಿಯಾನೋ ಎಷ್ಟು ನಿಧಾನ ಅಂದರೆ, ಮುಂದಿನ ಸ್ವರ ಬರುತ್ತೋ ಇಲ್ಲವೋ ಎಂದು ಕಿವಿ ಚುರುಕಾಗುತ್ತದೆ. ಅದೇ ಆಲ್ಬಮಿನ ‘ಟಿನ್ಸೆಲ್‌ಟೌನ್ ಇನ್ ದ ರೇನ್’ ಇದಕ್ಕೆ ಅಪವಾದ. ಅದರಲ್ಲಿ ಬೇಸ್ ಗಿಟಾರ್ ಪುಟಿಯುತ್ತದೆ, ಪಿಟೀಲುಗಳ ತಂಡ ಮೇಲೇಳುತ್ತದೆ, ಕಾಲು ತಾನಾಗಿ ತಾಳ ಹಾಕುತ್ತದೆ. ಸ್ಕಾಟ್‌ಲೆಂಡಿನಲ್ಲಿ ಅವರ ಹಾಡು ಯಾವುದಾದರೂ ಒಂದು ಎಲ್ಲರ ಬಾಯಲ್ಲಿದ್ದರೆ ಬಹುಶಃ ಇದೇ.

ಯಂತ್ರ ತಣ್ಣಗಿರುತ್ತದೆ, ಬ್ಯುಕ್ಯಾನನ್ ಕಂಠ ತಣ್ಣಗಿಲ್ಲ. ಅವರದು ತರಬೇತಾದ ಗಾಯಕರ ನುಣುಪಾದ ದನಿ ಅಲ್ಲ. ಸ್ವಲ್ಪ ಒರಟು, ಸ್ವಲ್ಪ ದಣಿದದ್ದು. ಮೇಲಿನ ಸ್ವರಕ್ಕೆ ಹೋದಾಗ ಎಲ್ಲಿ ಒಡೆದುಬಿಡುತ್ತೋ ಅನ್ನಿಸುತ್ತದೆ. ಹಿಂದೆ ಗಡಿಯಾರದ ಹಾಗೆ ನಡೆಯುವ ಯಂತ್ರ, ಮುಂದೆ ತಡವರಿಸುವ ಮನುಷ್ಯ. ಇವರ ಹಾಡಿನ ಅರ್ಧ ಗುಟ್ಟು ಇದೇ.

ಒಂದು ಹಾಡನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1989ರ ‘ಹ್ಯಾಟ್ಸ್’ ಆಲ್ಬಮಿನ ‘ದಿ ಡೌನ್‌ಟೌನ್ ಲೈಟ್ಸ್’ ತೆಗೆದುಕೊಳ್ಳಿ. ಆರು ನಿಮಿಷ ದಾಟುವ ಹಾಡು. ಕಥೆ ಅನ್ನುವಂಥದ್ದು ಏನೂ ಇಲ್ಲ. ರಾತ್ರಿ, ಊರಿನ ದೀಪಗಳು, ಪ್ರೀತಿಯಲ್ಲಿರುವ ಒಬ್ಬ ಮನುಷ್ಯ. ನಿನಗೂ ಹೀಗೇ ಅನ್ನಿಸುತ್ತಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು ಎಂದು ಅವನು ಮತ್ತೆ ಮತ್ತೆ ಕೇಳುತ್ತಾನೆ. ಉತ್ತರ ಬರುವುದಿಲ್ಲ. ಯಂತ್ರದ ತಾಳ ಒಂದೇ ಸಮನೆ ಹೋಗುತ್ತಿರುತ್ತದೆ. ಕೊನೆಯ ಭಾಗದಲ್ಲಿ ಅವನು ವಾಕ್ಯಗಳನ್ನೇ ಬಿಟ್ಟುಬಿಡುತ್ತಾನೆ. ಕಣ್ಣಿಗೆ ಕಂಡದ್ದನ್ನು ಸುಮ್ಮನೆ ಹೆಸರಿಸುತ್ತಾ ಹೋಗುತ್ತಾನೆ: ನಿಯಾನ್ ಬೋರ್ಡು, ಸಿಗರೇಟು, ಬಾಡಿಗೆ ರೂಮು, ಬಾಡಿಗೆ ಕಾರು, ಜನ ತುಂಬಿದ ಬೀದಿ, ಜನ ಇಲ್ಲದ ಬಾರು, ಖಾಲಿ ರೈಲು. ಕ್ರಿಯಾಪದ ಒಂದೂ ಇಲ್ಲ, ಬರೀ ಪಟ್ಟಿ. ಆ ಪಟ್ಟಿಯ ಕೊನೆಗೆ, ದನಿ ಏರಿ ಇನ್ನೇನು ಹರಿಯುತ್ತದೆ ಅನ್ನುವಾಗ, ಮೆಟ್ಟಿಲ ಮೇಲೆ ಕೂತು ಅತ್ತು ಅತ್ತು ಸಾಕಾಗಿದೆ ಅನ್ನುವ ಒಂದೇ ಒಂದು ಸಾಲು ಜಾರಿ ಬರುತ್ತದೆ. ಯಾಕೆ ಅತ್ತ, ಯಾರ ಮನೆ ಮೆಟ್ಟಿಲು, ಒಂದೂ ಹೇಳುವುದಿಲ್ಲ. ಮತ್ತೆ ದೀಪಗಳು.

ಇಲ್ಲಿ ನಡೆದದ್ದೇನು? ಕಾರಣ ಹೇಳದೆ ಸಂಕಟವನ್ನಷ್ಟೇ ತೋರಿಸಿದರು. ಕಾರಣವನ್ನು ಕೇಳುವವರು ತಮ್ಮ ಗಂಟಿನಿಂದಲೇ ತೆಗೆದು ಹಾಕಬೇಕು. ಬಾಡಿಗೆಗೆ ಕೊಡುವ ಮನೆಯನ್ನು ಸಾಮಾನೆಲ್ಲ ತೆಗೆದು ಖಾಲಿ ಮಾಡಿ ಕೊಟ್ಟ ಹಾಗೆ. ಗೋಡೆ ಅವರದು, ದೀಪ ಅವರದು, ಮಂಚ-ಪೆಟ್ಟಿಗೆ ನಮ್ಮದು. ಇಪ್ಪತ್ತೈದರಲ್ಲಿ ಕೇಳಿದವನು ಆಗಿನ ಸಾಮಾನು ಇಟ್ಟಿರುತ್ತಾನೆ, ಐವತ್ತರಲ್ಲಿ ಬೇರೆ ಸಾಮಾನು. ಹಾಡು ಎರಡಕ್ಕೂ ಒಗ್ಗುತ್ತದೆ. ಒಂದು ಕಾಲದ ಫ್ಯಾಶನ್ ಬಗ್ಗೆಯೋ ಒಂದು ಪೀಳಿಗೆಯ ಸಿಟ್ಟಿನ ಬಗ್ಗೆಯೋ ಹುಟ್ಟಿದ ಹಾಡಾದರೆ ಅದರ ವಯಸ್ಸಿನ ಜೊತೆ ನಾವು ಬೆಳೆಯಲು ಆಗುವುದಿಲ್ಲ. ಇದರ ಜೊತೆ ಆಗುತ್ತದೆ.

ಊರಿನ ಪಾತ್ರವೂ ಸಣ್ಣದಲ್ಲ. ಹಾಡುಗಳ ತುಂಬ ಅಮೆರಿಕದ ಪದಗಳು: ಡೌನ್‌ಟೌನ್, ಆಟೊಮೊಬೈಲ್, ಪರೇಡ್. ಗ್ಲಾಸ್ಗೋದ ಹುಡುಗರು ಯಾಕೆ ಹೀಗೆ ಬರೆದರು ಎಂದು ಮೊದಲ ಸಲ ಕೇಳುವವರಿಗೆ ಅನ್ನಿಸಬಹುದು. ಗ್ಲಾಸ್ಗೋ ನಡುಪೇಟೆ ನೋಡಿದರೆ ಸೋಜಿಗ ಕಡಿಮೆಯಾಗುತ್ತದೆ. ಅಲ್ಲಿನ ಬೀದಿಗಳು ಚೌಕಾಬಾರದ ಮನೆಗಳ ಹಾಗೆ ನೇರ ಗೆರೆಗಳಲ್ಲಿ ಒಂದನ್ನೊಂದು ಕತ್ತರಿಸುತ್ತವೆ, ಅಕ್ಕಪಕ್ಕ ಎತ್ತರದ ಕಲ್ಲಿನ ಕಟ್ಟಡಗಳು, ಊರಿನ ಮಧ್ಯದಲ್ಲೇ ಸೀಳಿಕೊಂಡು ಹೋಗುವ ದೊಡ್ಡ ಹೆದ್ದಾರಿ. ಹಾಲಿವುಡ್‌ನವರು ಫಿಲಡೆಲ್ಫಿಯಾ ತೋರಿಸಲು ಗ್ಲಾಸ್ಗೋಗೆ ಬಂದು ಶೂಟಿಂಗ್ ಮಾಡಿ ಹೋಗಿದ್ದಾರೆ. ಎಂಬತ್ತರ ದಶಕದಲ್ಲಿ ಈ ಊರಿನ ಸ್ಥಿತಿ ಚೆನ್ನಾಗಿರಲಿಲ್ಲ. ಕ್ಲೈಡ್ ನದಿ ದಡದ ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚಿದ್ದವು, ಕೆಲಸ ಇಲ್ಲದವರು ಬಹಳ. ಅದರ ಮೇಲೆ ವರ್ಷದ ಬಹುಪಾಲು ಮಳೆ. ಅಂಥ ಊರಿನ ಒದ್ದೆ ರಸ್ತೆಯ ಮೇಲೆ ಕಿತ್ತಳೆ ಬಣ್ಣದ ಬೀದಿದೀಪ ಬಿದ್ದಾಗ, ಅದು ಒಂದು ಕ್ಷಣ ಸಿನಿಮಾದಲ್ಲಿ ಕಂಡ ದೊಡ್ಡ ನಗರದಂತೆ ಕಾಣುತ್ತದೆ ಅಲ್ವಾ? ಬ್ಲೂ ನೈಲ್ ಹಾಡಿದ್ದು ಆ ಕ್ಷಣವನ್ನು. ಕಾಲು ಗ್ಲಾಸ್ಗೋದಲ್ಲಿ, ಕಣ್ಣು ಬೇರೆಲ್ಲೋ. ಹಾಗಾಗಿ ಊರಿನ ಒಂದು ಬೀದಿಯ ಹೆಸರೂ ಹೇಳದೆ ಆ ಊರನ್ನು ಹಿಡಿದರು. ಬೇರೆ ಊರಿನವರು ಇದೇ ಹಾಡುಗಳಲ್ಲಿ ತಮ್ಮ ಊರನ್ನು ಕಂಡರು.

ಅದೇ ಕಾಲದ ಇತರ ಸ್ಕಾಟಿಷ್ ಬ್ಯಾಂಡುಗಳ ಜೊತೆ ಇಟ್ಟು ನೋಡಿ. ಸಿಂಪಲ್ ಮೈಂಡ್ಸ್ ಕ್ರೀಡಾಂಗಣ ತುಂಬಿಸುತ್ತಿದ್ದರು. ವೆಟ್ ವೆಟ್ ವೆಟ್ ಪಟ್ಟಿಯ ತುದಿಗೆ ಹೋದರು. ಡೀಕನ್ ಬ್ಲೂ ಊರವರ ಮೆಚ್ಚಿನ ಬ್ಯಾಂಡ್ ಆಯಿತು. ಬ್ಲೂ ನೈಲ್ ಮಾತ್ರ 1990ರವರೆಗೆ ಒಂದು ಸರಿಯಾದ ಪ್ರವಾಸವನ್ನೂ ಮಾಡಿರಲಿಲ್ಲ. ಎರಡು ಆಲ್ಬಮ್ ಬಂದ ಮೇಲೆ ಮೊದಲ ಪ್ರವಾಸ! ಹೆಚ್ಚಿನ ಅಭಿಮಾನಿಗಳಿಗೆ ಅಲ್ಲಿಯವರೆಗೆ ಇವರು ಬರೀ ದನಿ, ಮತ್ತು ಆಲ್ಬಮ್ ಹೊದಿಕೆಯ ಮೇಲಿನ ಫೋಟೋ.

ಇನ್ನು ಆ ಕುಖ್ಯಾತ ತಡ. 1984, 1989, 1996, 2004. ಐದು ವರ್ಷ, ಏಳು ವರ್ಷ, ಎಂಟು ವರ್ಷ. ಪ್ರತಿ ಸಲವೂ ಕಾಯುವ ಕಾಲ ಉದ್ದವಾಗುತ್ತಾ ಹೋಯಿತು. ಇದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ಪರಿಪೂರ್ಣತೆಯ ಹುಚ್ಚು. ಒಂದು ಸ್ವರಕ್ಕಾಗಿ ತಿಂಗಳುಗಟ್ಟಲೆ ಕೂರುವ ತಪಸ್ವಿಗಳು ಎಂಬ ಚಿತ್ರ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ಹುಚ್ಚು ಇದ್ದದ್ದು ನಿಜ, ಆದರೆ ತಡಕ್ಕೆ ಮಾಮೂಲಿ ಕಾರಣಗಳೂ ಬೇಕಾದಷ್ಟಿದ್ದವು. ‘ಹ್ಯಾಟ್ಸ್’ಗಾಗಿ ಶುರುವಿನಲ್ಲಿ ಮಾಡಿದ ಕೆಲಸ ಸರಿಬರದೆ ಎಸೆದರು. ಸ್ಟುಡಿಯೋವನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಗಿ ಬಂತು. ಕಂಪನಿಗಳ ಜೊತೆ ತಕರಾರು. ಗ್ಲಾಸ್ಗೋಗೆ ವಾಪಸ್ ಹೋಗಿ, ಮನೆಯಲ್ಲಿ ಕೂತು ಹಾಡು ಬರೆದು, ಮತ್ತೆ ಸ್ಟುಡಿಯೋಗೆ ಬಂದಾಗ ಕೆಲಸ ಚಕಚಕ ಮುಗಿಯಿತು. ಅಂದರೆ ಆ ಐದು ವರ್ಷದಲ್ಲಿ ಬಹುಭಾಗ ಹೋದದ್ದು ಕಲ್ಲು ಕೆತ್ತುವುದರಲ್ಲಿ ಅಲ್ಲ, ಸಿಕ್ಕಿಹಾಕಿಕೊಂಡು ಒದ್ದಾಡುವುದರಲ್ಲಿ. ಮುಂದೆ ಮೂರನೇ ಆಲ್ಬಮ್ ‘ಪೀಸ್ ಅಟ್ ಲಾಸ್ಟ್’ ಕಾಲಕ್ಕೆ ಕಂಪನಿ ಬದಲಾಗಿ ವಾರ್ನರ್ ಆಯಿತು, ನಾಲ್ಕನೆಯ ‘ಹೈ’ ಹೊತ್ತಿಗೆ ಸ್ಯಾಂಕ್ಚುರಿ.

ಕಾರಣ ಏನೇ ಇರಲಿ, ಅಭಿಮಾನಿಗಳ ಮೇಲೆ ಅದರ ಪರಿಣಾಮ ದೊಡ್ಡದು. ‘ಹ್ಯಾಟ್ಸ್’ನಲ್ಲಿ ಇರುವುದು ಏಳೇ ಹಾಡು, ಒಟ್ಟು ನಲವತ್ತು ನಿಮಿಷವೂ ಇಲ್ಲ. ಮುಂದಿನದಕ್ಕೆ ಏಳು ವರ್ಷ ಕಾಯಬೇಕು ಅಂದರೆ, ಇರುವ ಏಳನ್ನೇ ಉಜ್ಜಿ ಉಜ್ಜಿ ಕೇಳುತ್ತೀರಿ. ಮದುವೆ, ಮಗು, ಊರು ಬಿಟ್ಟದ್ದು, ಅಪ್ಪ ಹೋದದ್ದು, ಎಲ್ಲವೂ ಆ ಏಳು ಹಾಡುಗಳಿಗೇ ಅಂಟಿಕೊಳ್ಳುತ್ತದೆ. ವರ್ಷಕ್ಕೊಂದು ಆಲ್ಬಮ್ ತರುವ ಬ್ಯಾಂಡಿನ ಅಭಿಮಾನಿಗಳಿಗೆ ನೆನಪು ನೂರು ಹಾಡುಗಳಿಗೆ ಹಂಚಿಹೋಗುತ್ತದೆ. ಇಲ್ಲಿ ಹಂಚಲು ಜಾಗವೇ ಇಲ್ಲ.

ಆದರೆ ಬರೀ ಕಾಯಿಸಿದರೆ ಪ್ರೀತಿ ಬರುತ್ತದಾ? ಬರುವುದಿಲ್ಲ. ಕಾಯಿಸಿ ಕಾಯಿಸಿ ಜನರ ಬೇಸರಕ್ಕೆ ಗುರಿಯಾದವರೂ ಇದ್ದಾರೆ. ಇಲ್ಲಿ ಕೆಲಸ ಮಾಡಿದ್ದು ಇನ್ನೊಂದು. ಕಾಯುವ ಹೊತ್ತಿನಲ್ಲಿ ಬ್ಯಾಂಡ್ ಜನರ ಕಿವಿ ಕೊರೆಯಲಿಲ್ಲ. ಸಂದರ್ಶನ ಅಪರೂಪ, ಕೊಟ್ಟಾಗಲೂ ಬ್ಯುಕ್ಯಾನನ್ ಮಾತು ಮೆತ್ತಗೆ, ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಧಾಟಿ. ಹಾಡುಗಾರನ ಸ್ವಂತ ಕಥೆ ಜಾಸ್ತಿ ತಿಳಿದಷ್ಟೂ ಹಾಡು ಅವನದೇ ಆಗುತ್ತದೆ, ನಮ್ಮದಾಗಿ ಉಳಿಯುವುದಿಲ್ಲ. ಇವರು ಆ ಅಡ್ಡಿ ತಂದೊಡ್ಡಲಿಲ್ಲ.

ಹಾಡು ಒಬ್ಬರಿಂದೊಬ್ಬರಿಗೆ ದಾಟಿದ ರೀತಿಯೂ ಬೇರೆ. ಪಟ್ಟಿಯಲ್ಲಿ ಇಲ್ಲದ ಹಾಡನ್ನು ರೇಡಿಯೋ ಅಷ್ಟಾಗಿ ಹಾಕುವುದಿಲ್ಲ. ಅಂದಮೇಲೆ ಹೇಳಿಕೊಟ್ಟವರು ಯಾರಾದರೂ ಇರಲೇಬೇಕು. ಅಣ್ಣ ಬಿಟ್ಟುಹೋದ ಕ್ಯಾಸೆಟ್, ಅಂಗಡಿಯವನು ‘ಇದನ್ನು ಒಮ್ಮೆ ಕೇಳಿ’ ಎಂದು ಕೊಟ್ಟದ್ದು, ಪ್ರೀತಿಸಿದವರು ಟೇಪ್‌ನಲ್ಲಿ ತುಂಬಿಸಿ ಕೊಟ್ಟದ್ದು. ಬ್ಲೂ ನೈಲ್ ಅಭಿಮಾನಿಯೊಬ್ಬರನ್ನು ಮಾತಿಗೆಳೆದರೆ ಹಾಡಿನ ಕಥೆಗಿಂತ ಮೊದಲು, ಅದನ್ನು ತಮಗೆ ಕೇಳಿಸಿದ ಮನುಷ್ಯನ ಕಥೆ ಬರುತ್ತದೆ. ಹೀಗೆ ಕೈಯಿಂದ ಕೈಗೆ ಬಂದದ್ದನ್ನು ಜನ ಅಷ್ಟು ಸುಲಭವಾಗಿ ಬಿಸಾಡುವುದಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅಷ್ಟೇನೂ ಚಂದವಲ್ಲದ್ದು. ‘ಇದು ನಮಗೆ ಮಾತ್ರ ಗೊತ್ತು’ ಅನ್ನುವ ಸಣ್ಣ ಜಂಬ. ಬ್ಯಾಂಡ್ ಇನ್ನಷ್ಟು ಹೆಸರು ಮಾಡಬೇಕಿತ್ತು ಎಂದು ಗೊಣಗುವವರೇ, ಹೆಸರು ಮಾಡಿದ್ದರೆ ಮೂಗು ಮುರಿಯುತ್ತಿದ್ದರು. ನಾಲ್ಕು ಆಲ್ಬಮ್‌ಗಳ ಬಗ್ಗೆ ಅವರೊಳಗೇ ಜಗಳ ಬೇರೆ. ಮೊದಲ ಎರಡರ ವಿಷಯದಲ್ಲಿ ತಕರಾರಿಲ್ಲ. ‘ಪೀಸ್ ಅಟ್ ಲಾಸ್ಟ್’ನಲ್ಲಿ ಗಿಟಾರ್ ಮುಂದೆ ಬಂತು, ಸಿಂಥ್ ಹಿಂದೆ ಸರಿಯಿತು, ‘ಹ್ಯಾಪಿನೆಸ್’ ಹಾಡಿನಲ್ಲಿ ಚರ್ಚಿನ ಗಾಸ್ಪೆಲ್ ಗಾಯಕರ ತಂಡ ಬಂತು. ಹಲವರಿಗೆ ಅದು ಬೇರೆ ಯಾರದೋ ಆಲ್ಬಮ್ ಅನ್ನಿಸಿತು. ನನ್ನ ಮಟ್ಟಿಗೆ ಅದರ ‘ಫ್ಯಾಮಿಲಿ ಲೈಫ್’ ಒಂದೇ ಸಾಕು, ಆ ಆಲ್ಬಮನ್ನು ಉಳಿಸಲು. ಕ್ರಿಸ್‌ಮಸ್ ಹೊತ್ತಿನಲ್ಲಿ ಒಡೆಯುತ್ತಿರುವ ಮನೆಯೊಂದರ ಹಾಡು ಅದು. ಹೆಚ್ಚುಕಡಿಮೆ ಪಿಯಾನೋ ಮತ್ತು ದನಿ, ಅಷ್ಟೇ. ಎರಡನೇ ಸಲ ಕೇಳಲು ಧೈರ್ಯ ಬೇಕು.

ತಮಾಷೆ ಏನೆಂದರೆ, ಆಲ್ಬಮ್‌ಗಳ ಪಟ್ಟಿಯ ಲೆಕ್ಕದಲ್ಲಿ ಈ ಬ್ಯಾಂಡ್ ಸೋತದ್ದೂ ಅಲ್ಲ. ‘ಹ್ಯಾಟ್ಸ್’ 12ನೇ ಸ್ಥಾನ, ‘ಪೀಸ್ ಅಟ್ ಲಾಸ್ಟ್’ 13, ‘ಹೈ’ 10. ಒಂದೊಂದು ಹಾಡಾಗಿ ಕೊಳ್ಳದ ಜನ ಆಲ್ಬಮನ್ನು ಇಡಿಯಾಗಿ ಕೊಂಡರು. ವರ್ಷಗಟ್ಟಲೆ ಕಾದು ಕೂತವರು ಅಂಗಡಿ ತೆರೆದ ದಿನವೇ ಹೋಗಿ ಕೊಂಡಿರಬೇಕು.

ಹಾಡುಗಾರರ ನಡುವೆ ಇವರ ಹೆಸರು ಯಾವತ್ತೂ ಇತ್ತು. 1995 ಒಂದೇ ವರ್ಷದಲ್ಲಿ ಆನಿ ಲೆನಾಕ್ಸ್ ಮತ್ತು ರಾಡ್ ಸ್ಟುವರ್ಟ್ ಇಬ್ಬರೂ ‘ದಿ ಡೌನ್‌ಟೌನ್ ಲೈಟ್ಸ್’ ಹಾಡಿದರು. ಅದೇ ವರ್ಷ ಐಸಾಕ್ ಹೇಯ್ಸ್ ‘ಹ್ಯಾಟ್ಸ್’ನದೇ ‘ಲೆಟ್ಸ್ ಗೋ ಔಟ್ ಟುನೈಟ್’ ಹಾಡಿದರು. ಮೂವರೂ ದೊಡ್ಡ ಗಾಯಕರು. ಆದರೂ ಅವರು ಹಾಡಿದಾಗ ಹಾಡು ತುಂಬಿಹೋಗುತ್ತದೆ, ದನಿಯ ಸಾಮರ್ಥ್ಯವೇ ಎದ್ದು ಕಾಣುತ್ತದೆ. ಅಭಿಮಾನಿಗಳು ಮೂಲಕ್ಕೇ ವಾಪಸ್ ಬರುವುದು ಬರೀ ಹಟದಿಂದ ಅಲ್ಲ.

ಈ ಪ್ರೀತಿಗೆ ನಿಜವಾದ ಪರೀಕ್ಷೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಟೇಲರ್ ಸ್ವಿಫ್ಟ್ ತಮ್ಮ ಹೊಸ ಆಲ್ಬಮಿನ ಒಂದು ಹಾಡಿನಲ್ಲಿ ಬ್ಲೂ ನೈಲ್ ಹೆಸರನ್ನೂ ‘ಡೌನ್‌ಟೌನ್ ಲೈಟ್ಸ್’ ಹೆಸರನ್ನೂ ಎತ್ತಿದರು. ಯಾರೋ ಆ ಹಾಡನ್ನು ಕಳಿಸಿಕೊಟ್ಟರು, ಕೇಳಿ ಬಹಳ ದಿನ ಆಗಿತ್ತು ಅನ್ನುವ ಅರ್ಥದಲ್ಲಿ. ನೋಡಿ, ಅಲ್ಲಿಯೂ ಹಾಡು ದಾಟಿದ್ದು ಒಬ್ಬರು ಇನ್ನೊಬ್ಬರಿಗೆ ಕಳಿಸಿದ್ದರಿಂದಲೇ. ಅದಕ್ಕೂ ಮೊದಲು ದಿ 1975 ಬ್ಯಾಂಡಿನ ಮ್ಯಾಟಿ ಹೀಲಿ ‘ಹ್ಯಾಟ್ಸ್’ ತಮ್ಮ ಅಚ್ಚುಮೆಚ್ಚು ಎಂದು ಹೇಳಿಕೊಂಡಿದ್ದರು. ಆದರೆ ಸ್ವಿಫ್ಟ್ ಬಾಯಲ್ಲಿ ಬಂದರೆ ಅದರ ಅಳತೆಯೇ ಬೇರೆ. ಆನ್‌ಲೈನ್‌ನಲ್ಲಿ ಹಾಡು ಕೇಳುವವರ ಸಂಖ್ಯೆ ರಾತ್ರೋರಾತ್ರಿ ಏರಿತು. ಬ್ಯಾಂಡಿಗಿಂತ ಚಿಕ್ಕ ವಯಸ್ಸಿನವರು ಇದು ಯಾರಪ್ಪಾ ಎಂದು ಹುಡುಕಿಕೊಂಡು ಬಂದರು.

ಹಳೇ ಅಭಿಮಾನಿಗಳಲ್ಲಿ ಕೆಲವರಿಗೆ ಇದು ಹಿಡಿಸಿರಲಾರದು. ಆದರೆ ಹೊಸಬರು ಬಂದು ಕಂಡದ್ದೇನು? ನಾಲ್ಕು ಆಲ್ಬಮ್. ಆಮೇಲೆ 2012ರಲ್ಲಿ ಬ್ಯುಕ್ಯಾನನ್ ಒಬ್ಬರೇ ಮಾಡಿದ ‘ಮಿಡ್ ಏರ್’, ಬಹುಪಾಲು ಪಿಯಾನೋ ಮತ್ತು ದನಿ ಮಾತ್ರ ಇರುವ ಪುಟ್ಟ ಪುಟ್ಟ ಹಾಡುಗಳದ್ದು. ಮುಂದೆ ಕೊಳ್ಳಲು ಏನೂ ಇಲ್ಲ, ಮತ್ತೆ ಒಂದಾಗಿ ಊರೂರು ಸುತ್ತುವ ಪ್ರವಾಸವೂ ಇಲ್ಲ. ಗದ್ದಲ ಇಳಿದ ಮೇಲೆ ಉಳಿದವರು ಹಾಡಿಗಾಗಿಯೇ ಉಳಿದರು, 1984ರ ಗಿರಾಕಿಗಳ ಹಾಗೆ.

ಕೇಳಿ ನೋಡೋಣ ಅನ್ನಿಸಿದರೆ ‘ಹ್ಯಾಟ್ಸ್’ನಿಂದ ಶುರು ಮಾಡಿ, ಮೊದಲ ಹಾಡಿನಿಂದ ಏಳನೆಯದರವರೆಗೆ ಅದೇ ಕ್ರಮದಲ್ಲಿ. ಆಮೇಲೆ ಮೊದಲ ಆಲ್ಬಮಿಗೆ ಹೋಗಿ. ಮೂರನೆಯದಕ್ಕೆ ಸ್ವಲ್ಪ ಬಿಡುವು ಕೊಟ್ಟು ಹೋಗುವುದು ಒಳ್ಳೆಯದು. ‘ಹೈ’ಯಲ್ಲಿ ‘ಬಿಕಾಸ್ ಆಫ್ ಟೊಲೆಡೊ’ ಬಿಡಬೇಡಿ. ಮೊದಲ ಸಲ ಏನೂ ಅನ್ನಿಸದಿದ್ದರೆ ಗಾಬರಿ ಬೇಡ. ಎಷ್ಟೋ ಅಭಿಮಾನಿಗಳಿಗೂ ಮೊದಲ ಸಲ ಏನೂ ಅನ್ನಿಸಿರಲಿಲ್ಲ.